ಪದ ಬೇಕು: ‘ಇಂಟರ್ನ್‌ಮೆಂಟ್ ಕ್ಯಾಂಪ್’ (ಅನುವಾದಕ್ಕೆ, ನಾಳೆಯೊಳಗೆ)

ಉಡುಪಿಯಿಂದ:
ನಮಸ್ಕಾರ. ಒಂದು ಕತೆ ಅನುವಾದಿಸುತ್ತಿದ್ದೇನೆ, ನಾಳೆ ಸಂಜೆ ಸಂಪಾದಕರಿಗೆ ಕೊಡಬೇಕು. ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಕಥಾನಾಯಕ ವಿಯೆನ್ನಾದ ಯೆಹೂದಿ ದರ್ಜಿ. ಯೆಹೂದಿಗಳ ಮೇಲೆ ನಡೆದ 1938ರ ನವೆಂಬರ್ ದಾಳಿಗಳ ಹೊತ್ತಿಗೆ ನಾಜಿಗಳು ಅವನನ್ನು ಡಾಖಾವ್‌ಗೆ ಒಯ್ಯುತ್ತಾರೆ. ದೇಶ ಬಿಡುತ್ತೇನೆ ಅಂತ ಬರೆದುಕೊಟ್ಟು ಹೊರಬರುತ್ತಾನೆ. 1939ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ವಿಚ್ ಊರಿನ ಹತ್ತಿರದ ಕಿಚನರ್ ಕ್ಯಾಂಪು ಸೇರುತ್ತಾನೆ. ಅಲ್ಲಿ ಅಪ್ಪಣೆ ಪಡೆದು ಊರೊಳಗೆ ಓಡಾಡಬಹುದಿತ್ತು. 1940ರಲ್ಲಿ ಅದೇ ಬ್ರಿಟಿಷರು ‘ಶತ್ರು ದೇಶದವನು’ ಅಂತ ಹಿಡಿದು ಐಲ್ ಆಫ್ ಮ್ಯಾನ್ ದ್ವೀಪಕ್ಕೆ ಸಾಗಿಸುತ್ತಾರೆ.

ಒಬ್ಬನ ಬದುಕಿನಲ್ಲೇ ಮೂರು ಕ್ಯಾಂಪು. ಮೊದಲನೆಯದು ‘ಯಾತನಾ ಶಿಬಿರ’. ಎರಡನೆಯದು ‘ನಿರಾಶ್ರಿತರ ಶಿಬಿರ’. ಮೂರನೆಯದು ‘ಇಂಟರ್ನ್‌ಮೆಂಟ್ ಕ್ಯಾಂಪ್’, ಅಂದರೆ ಕೇಸಿಲ್ಲದೆ ಕೂಡಿಹಾಕುವ ಜಾಗ. ಅದಕ್ಕೆ ಏನನ್ನಲಿ? ‘ಸೆರೆ’ ಬೇಡ. ಅವನ ಮೇಲೆ ಕೇಸೇ ಇಲ್ಲ.

ಶಿವಮೊಗ್ಗದಿಂದ:
‘ಶಿಬಿರ’ ಯಾಕೆ? ಕೆಡು-ಕೇಡು ಇದ್ದ ಹಾಗೆ ಬಿಡು-ಬೀಡು. ‘ಸೆರೆಬೀಡು’ ಅನ್ನಿ. ಮುಗಿಯಿತು.

ಬೆಳಗಾವಿಯಿಂದ:
ಸೆರೆ ಬೇಡ ಅಂತ ಅವರೇ ಬರೆದಿದ್ದಾರೆ. ಓದಿ ಉತ್ತರ ಕೊಡಿ ಸರ್. ಬೀಡು ಅಂದರೆ ದಂಡು ತಾನಾಗಿ ಇಳಿದುಕೊಳ್ಳುವ ಜಾಗ. ಇವರನ್ನು ತಂದು ತುಂಬಿದ್ದು.

ಮೇಡಂ, ‘ಯುದ್ಧಕೈದಿ’ ಅಂತಲೂ ಹಾಕಬೇಡಿ. ಆಗ ಬೆಂಗಳೂರಿನಲ್ಲಿದ್ದ ಇಟಲಿಯವರು ಯುದ್ಧಕೈದಿಗಳು, ಅವರು ಸೈನಿಕರು. ನಿಮ್ಮ ದರ್ಜಿ ಅಲ್ಲ. ಮರಾಠಿಯಲ್ಲಿ ‘ಸ್ಥಾನಬದ್ಧತೆ’ ಅಂತಾರೆ, ಅದು ಸರಿಹೋಗುತ್ತೆ. ಹಿಟ್ಲರನಿಂದ ತಪ್ಪಿಸಿಕೊಂಡು ಭಾರತಕ್ಕೆ ಬಂದ ಯೆಹೂದಿಗಳನ್ನೂ 1939ರಲ್ಲಿ ಅಹಮದ್‌ನಗರದಲ್ಲಿ ಹೀಗೇ ಇಟ್ಟಿದ್ದರು. ಅದೂ ನಾಜಿ ಬೆಂಬಲಿಗರ ಜೊತೆಗೆ! ಪಾಸ್‌ಪೋರ್ಟ್ ಜರ್ಮನಿಯದು, ಅಷ್ಟೇ ಕಾರಣ.

ಮೈಸೂರಿನಿಂದ:
ಉರ್ದುವಿನ ‘ನಜರ್‌ಬಂದಿ’ ಚೆನ್ನಾಗಿದೆ, ಅಲ್ವಾ? ಕಣ್ಣಳತೆಯಲ್ಲಿ ಇಡೋದು. ನಮ್ಮೂರಿನ ನಜರ್‌ಬಾದ್ ಬಡಾವಣೆಯ ಹೆಸರೂ ಅದರಿಂದಲೇ ಬಂದಿರಬೇಕು.

ಶಿವಮೊಗ್ಗದಿಂದ:
ಇಲ್ಲ. ಅದು ‘ಆಬಾದ್’, ‘ಬಂದ್’ ಅಲ್ಲ. ಸುಮ್ನೆ ಊರ ಹೆಸರು ಒಡೆಯಬೇಡಿ. ಒಬ್ಬರು ಮರಾಠಿ ತರುತ್ತಾರೆ, ಇನ್ನೊಬ್ಬರು ಉರ್ದು. ಕನ್ನಡ ಬರೋದು ಯಾವಾಗ?

ಬೆಳಗಾವಿಯಿಂದ:
‘ದರ್ಜಿ’ ಪಾರ್ಸಿ ಪದ. ಅದನ್ನೂ ಓಡಿಸಿಬಿಡಿ.

ಶಿವಮೊಗ್ಗದಿಂದ:
‘ಚಿಪ್ಪಿಗ’ ಇದೆ. ನಿಘಂಟು ನೋಡಿ.

ಬೆಳಗಾವಿಯಿಂದ:
ನೋಡಿದ್ದೇನೆ. ಪಕ್ಕದಲ್ಲೇ ಮರಾಠಿಯ ‘ಶಿಂಪಿ’ ನಗುತ್ತಿತ್ತು.

ಉಡುಪಿಯಿಂದ:
ದರ್ಜಿ ದರ್ಜಿಯಾಗಿಯೇ ಇರಲಿ ಸರ್. ‘ಸ್ಥಾನಬದ್ಧತೆ’ಯ ಅರ್ಥ ಸರಿ, ಆದರೆ ಉಡುಪಿಯ ಓದುಗ ಅಲ್ಲೇ ಎಡವುತ್ತಾನೆ. ಆ ಜಾಗ ಹೇಗಿತ್ತು ಅಂತ ಹೇಳಿದರೆ ನನ್ನ ಕಷ್ಟ ತಿಳಿಯಬಹುದು. ಐಲ್ ಆಫ್ ಮ್ಯಾನ್‌ನ ಡಗ್ಲಸ್ ಊರಲ್ಲಿ ಪ್ರವಾಸಿಗರು ತಂಗುತ್ತಿದ್ದ ಮನೆಗಳಿಗೇ ಮುಳ್ಳುತಂತಿ ಸುತ್ತಿದ್ದರು. ಅಲ್ಲಿನ ಹಚಿನ್‌ಸನ್ ಕ್ಯಾಂಪಿನಲ್ಲಿ ಬೆಳಕು ಹೊರಗೆ ಕಾಣದಿರಲಿ ಅಂತ ಕಿಟಕಿಗೆ ನೀಲಿ ಬಣ್ಣ ಬಳಿದಿದ್ದರೆ, ಒಳಗಿದ್ದ ಕಲಾವಿದರು ಅದನ್ನೇ ಕೆರೆದು ಚಿತ್ರ ಬಿಡಿಸಿದರು. ಪ್ರೊಫೆಸರುಗಳು ಹುಲ್ಲಿನ ಮೇಲೆ ಪಾಠ ಮಾಡಿದರು. ಹೊಡೆತ ಇಲ್ಲ, ಬಿಡುಗಡೆಯ ದಿನವೂ ಗೊತ್ತಿಲ್ಲ. ಡಾಖಾವ್ ನೋಡಿ ಬಂದವನಿಗೆ ಮುಳ್ಳುತಂತಿ ಕಂಡರೆ ಸಾಕು, ಕೈ ನಡುಗುತ್ತೆ. ಕತೆಯ ಜೀವ ಇರೋದು ಅಲ್ಲೇ.

ಅದಕ್ಕೇ ವಾಕ್ಯಗಳಲ್ಲಿ ‘ಕೂಡಿಹಾಕಿದರು’ ಅಂತ ಬರೆದಿದ್ದೇನೆ. ನಾಮಪದ ಬೇಕಾದಲ್ಲಿ ‘ಬಂಧನ ಶಿಬಿರ’. ಈಗಷ್ಟೇ ಕಳಿಸಿದೆ.

ಶಿವಮೊಗ್ಗದಿಂದ:
‘ಬಂಧನ’, ‘ಶಿಬಿರ’ ಎರಡೂ ಸಂಸ್ಕೃತ.