ಹುಣ್ಣಿಮೆಯ ಚಂದ್ರ ಮತ್ತು ಮೋಡ ಒಂದೇ ಚಿತ್ರದಲ್ಲಿ ಬರುವುದು ಹೇಗೆ?

ತುಂಗಾತೀರ (ಪ್ರಶ್ನೆ):
ನನ್ನ ಬಳಿ ಕ್ರಾಪ್ ಸೆನ್ಸರಿನ (ಪೂರ್ಣ ಗಾತ್ರಕ್ಕಿಂತ ಚಿಕ್ಕ ಸೆನ್ಸರಿನ) ಡಿಎಸ್ಎಲ್ಆರ್ ಕ್ಯಾಮೆರಾ, 18-55 ಮತ್ತು 70-300 ಮಿ.ಮೀ. ಲೆನ್ಸ್‌ಗಳು ಹಾಗೂ ಒಂದು ಟ್ರೈಪಾಡ್ ಇವೆ. ಶಿವಮೊಗ್ಗದಲ್ಲಿ ಮಳೆ ಬಿಡುವು ಕೊಟ್ಟ ರಾತ್ರಿಗಳಲ್ಲಿ ಚಂದ್ರನ ಸುತ್ತಲಿನ ಮೋಡಗಳು ಬಹಳ ಸೊಗಸಾಗಿ ಕಾಣುತ್ತವೆ. ಆದರೆ ಮೋಡ ಮೂಡುವಂತೆ ತೆಗೆದರೆ ಚಂದ್ರ ಬರಿಯ ಬಿಳಿ ಬಿಲ್ಲೆಯಾಗುತ್ತಾನೆ. ಚಂದ್ರನ ಕಲೆಗಳು ಕಾಣುವಂತೆ ತೆಗೆದರೆ ಉಳಿದ ಆಕಾಶವೆಲ್ಲ ಕಪ್ಪಾಗುತ್ತದೆ. ಎರಡಕ್ಕೂ ಹೊಂದುವ ಸೆಟ್ಟಿಂಗ್ ಇದ್ದರೆ ಬಲ್ಲವರು ದಯವಿಟ್ಟು ತಿಳಿಸಿ.

ನೆರಳುಬೆಳಕು:
ನಡುರಾತ್ರಿಯಲ್ಲಿ ಅಂತಹ ಒಂದೇ ಸೆಟ್ಟಿಂಗ್ ಇಲ್ಲ. ಚಂದ್ರನ ಮೇಲೆ ಬೀಳುವುದು ನೇರ ಬಿಸಿಲು, ಆದ್ದರಿಂದ ಅವನನ್ನು ಹಗಲಿನ ವಸ್ತುವೆಂದೇ ಭಾವಿಸಿ ತೆಗೆಯಬೇಕು: ಐಎಸ್ಒ (ಸೆನ್ಸರಿನ ಬೆಳಕಿನ ಸಂವೇದನೆ) 100, ಎಫ್/11 (ಲೆನ್ಸಿನ ಕಂಡಿಯ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಕಂಡಿ ಕಿರಿದು), ಶಟರ್ 1/100 ಸೆಕೆಂಡ್. ಮೋಡಕ್ಕೆ ಸಿಗುವುದು ಆ ಚಂದ್ರನಿಂದ ಮರಳಿ ಬಂದ ಬೆಳಕು ಮಾತ್ರ; ಅದಕ್ಕೆ ಎಫ್/5.6, ಐಎಸ್ಒ 800ರಲ್ಲಿ ಒಂದೆರಡು ಸೆಕೆಂಡುಗಳಿಂದ ಆರಂಭಿಸಿ ಹೊಂದಿಸಿಕೊಳ್ಳಬೇಕಾಗುತ್ತದೆ. ಸಾವಿರಾರು ಪಟ್ಟಿನ ಈ ಅಂತರವನ್ನು ಒಂದೇ ಎಕ್ಸ್‌ಪೋಷರಿನಲ್ಲಿ ಹಿಡಿಯಲು ಹೊರಟರೆ ಎರಡರಲ್ಲಿ ಒಂದು ಕೆಡುವುದು ಖಚಿತ. ಟ್ರೈಪಾಡ್ ಕದಲಿಸದೆ ಎರಡು ಚಿತ್ರಗಳನ್ನು ರಾ ಫೈಲಿನಲ್ಲಿ (ಸೆನ್ಸರಿನ ಮಾಹಿತಿಯನ್ನು ಹಾಗೆಯೇ ಉಳಿಸುವ ಫೈಲು) ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಕೂಡಿಸಿ. ಚಂದ್ರ ತನ್ನ ಅಗಲದಷ್ಟು ದೂರವನ್ನು ಸುಮಾರು 2 ನಿಮಿಷದಲ್ಲಿ ದಾಟುತ್ತಾನೆ, ಹಾಗಾಗಿ ಎರಡರ ನಡುವೆ ತಡಮಾಡಬಾರದು.

ಚತುರ್ದಶಿ:
ಕೂಡಿಸುವ ಕೆಲಸವೇ ಬೇಡವೆನ್ನುವವರಿಗೆ ನನ್ನ ಸಲಹೆ ಬೇರೆ: ಹುಣ್ಣಿಮೆಯ ಹಿಂದಿನ ಸಂಜೆಯನ್ನು ಆರಿಸಿಕೊಳ್ಳಿ. ಅಂದು ಸೂರ್ಯ ಮುಳುಗುವ ಮೊದಲೇ ಚಂದ್ರ ಪೂರ್ವದಲ್ಲಿ ಎದ್ದಿರುತ್ತಾನೆ. ಸೂರ್ಯಾಸ್ತದ ನಂತರದ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಸಂಧ್ಯೆಯ ಬೆಳಕು ಮೋಡಗಳ ಮೇಲೆ ಇನ್ನೂ ಉಳಿದಿರುವುದರಿಂದ ಚಂದ್ರನಿಗೂ ಮೋಡಕ್ಕೂ ಇರುವ ಅಂತರ ಬಹಳಷ್ಟು ಕುಗ್ಗುತ್ತದೆ. ಹುಣ್ಣಿಮೆಯ ಮರುದಿನ ಬೆಳಗಿನ ಜಾವ, ಪಶ್ಚಿಮದಲ್ಲಿ ಮುಳುಗುವ ಚಂದ್ರನಿಗೂ ಇದೇ ಲೆಕ್ಕ. ನಮ್ಮ ಗೋಡೆ ಕ್ಯಾಲೆಂಡರುಗಳಲ್ಲಿ ಸಂಕಷ್ಟಿಯ ಚಂದ್ರೋದಯ ಎದ್ದು ಕಾಣುವಂತೆ ಅಚ್ಚಾಗಿರುತ್ತದೆ, ಆದರೆ ಆ ಚಂದ್ರ ಏಳುವುದು ರಾತ್ರಿ ಒಂಬತ್ತರ ಆಸುಪಾಸಿನಲ್ಲಿ. ಈ ಕೆಲಸಕ್ಕೆ ಅದು ಉಪಯೋಗವಿಲ್ಲ.

ಇನ್ನು ತೆಳುಮೋಡ ಚಂದ್ರನ ಮೇಲೆ ಹಾದುಹೋಗುವಾಗ ಕ್ಯಾಮೆರಾ ಬಿಟ್ಟು ಅಲ್ಲಾಡಬೇಡಿ. ಅದು ಚಂದ್ರನ ಪ್ರಖರತೆಯನ್ನು ತಗ್ಗಿಸುವುದಲ್ಲದೆ, ಮೋಡದ ಸಣ್ಣ ನೀರಹನಿಗಳು ಬೆಳಕನ್ನು ಚದುರಿಸಿ ಸುತ್ತಲೂ ನೀಲಿ ಬೆರೆತ ಬಿಳುಪನ್ನು, ಅದರ ಹೊರಗೆ ಕಂದುಗೆಂಪು ಅಂಚನ್ನು ಮೂಡಿಸುತ್ತವೆ. ಆಗ ಚಂದ್ರ ಬಿಳಿಚಿಕೊಂಡರೂ ನಾನು ಬಣ್ಣದ ಬಳೆಯನ್ನೇ ಆರಿಸುತ್ತೇನೆ.

ನೆರಳುಬೆಳಕು:
ಚತುರ್ದಶಿ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಆ ಒಂದು ಸಂಜೆಯೇ ಪೂರ್ವ ದಿಗಂತ ತೆರೆದಿರುತ್ತದೆಂಬ ಭರವಸೆ ಯಾರಿಗಿದೆ? ಕೂಡಿಸುವುದರಲ್ಲಿ ತಪ್ಪಿಲ್ಲ; 300 ಮಿ.ಮೀ.ನಲ್ಲಿ ದೊಡ್ಡದಾಗಿ ತೆಗೆದ ಚಂದ್ರನನ್ನು 18 ಮಿ.ಮೀ.ನ ಅಗಲ ನೋಟದ ಆಕಾಶಕ್ಕೆ ಅಂಟಿಸುವುದು ಮಾತ್ರ ತಪ್ಪು. ಚಂದ್ರ ಆಕಾಶದಲ್ಲಿ ಕೇವಲ ಅರ್ಧ ಡಿಗ್ರಿ ಅಗಲ. 300 ಮಿ.ಮೀ.ನಲ್ಲಿ ಅವನ ಬಿಂಬ ಸೆನ್ಸರಿನ ಮೇಲೆ ಸುಮಾರು 2.7 ಮಿ.ಮೀ. ಬೀಳುತ್ತದೆ, ಅಂದರೆ ನಿಮ್ಮ ಚಿತ್ರದ ಎತ್ತರದ ಆರನೆಯ ಒಂದು ಭಾಗದಷ್ಟು. ಮೋಡಗಳಿಗೂ ಜಾಗ ಬೇಕಾದ್ದರಿಂದ 150-200 ಮಿ.ಮೀ. ಸಾಕು.

ತುಂಗಾತೀರ:
ಇಬ್ಬರಿಗೂ ಧನ್ಯವಾದಗಳು. ಕೆಲವೊಮ್ಮೆ ಚಂದ್ರನಿಂದ ಬಹು ದೂರದಲ್ಲಿ ದೊಡ್ಡದೊಂದು ಉಂಗುರ ಕಾಣುತ್ತದೆ. ಅದನ್ನು ತೆಗೆಯಲು ನನ್ನ ಲೆನ್ಸ್ ಸಾಕೇ?

ಚತುರ್ದಶಿ:
ಅದು ಎತ್ತರದ ತೆಳುಮೋಡಗಳ ಮಂಜುಹರಳುಗಳಲ್ಲಿ ಬೆಳಕು ಬಾಗುವುದರಿಂದ ಮೂಡುವ ಪರಿವೇಷ. ಚಂದ್ರನಿಂದ 22 ಡಿಗ್ರಿ ದೂರದಲ್ಲಿ ಇರುತ್ತದೆ, ಪೂರ್ತಿ ಅಗಲ 44 ಡಿಗ್ರಿ. ನಿಮ್ಮ 18 ಮಿ.ಮೀ.ನಲ್ಲಿ ಕಷ್ಟಪಟ್ಟು ಹಿಡಿಸುತ್ತದೆ. ಚಂದ್ರನನ್ನು ಚಿತ್ರದ ನಟ್ಟನಡುವೆ ಇಟ್ಟುಕೊಂಡು, ಫೋಕಸನ್ನು ಕೈಯಿಂದಲೇ ಹೊಂದಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ ತೆಗೆಯಿರಿ.