ಎಂಆರ್ ಸ್ಪೆಕ್ಟ್ರೋಸ್ಕೋಪಿ: ಒಂದೇ ಗೆಡ್ಡೆಯಲ್ಲಿ ಎರಡು ಥರದ ಗ್ರಾಫ್, ಯಾವುದು ಸರಿ?

ಹೇಮಾವತಿ ದಡ (ಹಾಸನ):
ನಮ್ಮದು 1.5 ಟೆಸ್ಲಾ ಎಂಆರ್‌ಐ ಮಷೀನು. ಅಂಗಾಂಶದ ರಾಸಾಯನಿಕಗಳನ್ನು ಗ್ರಾಫಿನ ಪೀಕುಗಳಾಗಿ ತೋರಿಸೋ ಸ್ಪೆಕ್ಟ್ರೋಸ್ಕೋಪಿ ಅದರಲ್ಲೇ ಮಾಡ್ತೀವಿ. ರೋಗಿಯ ಮಿದುಳಿನ ಬಲ ಟೆಂಪೊರಲ್ ಲೋಬಿನಲ್ಲಿ (ಕಿವಿಯ ಪಕ್ಕದ ಭಾಗ) 4.5 ಸೆಂ.ಮೀ. ಗೆಡ್ಡೆ. ಕಾಂಟ್ರಾಸ್ಟ್ ಕೊಟ್ಟರೆ ಅಂಚು ಮಾತ್ರ ಬೆಳ್ಳಗಾಗುತ್ತೆ, ನಡುಭಾಗ ಕಪ್ಪು. ನಡುವೆ 2×2×2 ಸೆಂ.ಮೀ. ವಾಕ್ಸೆಲ್ (ಅಳೆಯೋ ಪೆಟ್ಟಿಗೆಯಾಕಾರದ ಜಾಗ) ಇಟ್ಟು ಟಿಇ (ಎಕೋ ಸಮಯ) 30 ಮಿಲಿಸೆಕೆಂಡಿನಲ್ಲಿ ತೆಗೆದಾಗ ಗ್ರಾಫಿನ ಅಡ್ಡಗೆರೆಯ 1.3 ಪಿಪಿಎಂ ಜಾಗದಲ್ಲಿ ಅಗಲವಾದ ಗುಡ್ಡ, ಕೋಲೀನ್ ಇಲ್ಲವೆನ್ನುವಷ್ಟು ಕಡಿಮೆ. ಅಂಚಿಗೆ ಸರಿಸಿದರೆ ಕೋಲೀನ್ ಎದ್ದು ಕಾಣುತ್ತೆ, ಆದರೆ ಪೀಕುಗಳು ಒಂದಕ್ಕೊಂದು ಅಂಟಿಕೊಂಡಿವೆ. ಲ್ಯಾಕ್ಟೇಟ್ ಇದೆಯಾ ಅಂತ ಡಾಕ್ಟರು ಕೇಳ್ತಿದ್ದಾರೆ. ಶುಕ್ರವಾರ ಮತ್ತೆ ಸ್ಕ್ಯಾನ್ ಇದೆ, ಏನು ಬದಲಿಸಲಿ?

ಗಿರಿಶ್ರೇಣಿ (ಚಿಕ್ಕಮಗಳೂರು):
ಎರಡೂ ಸರಿ ಸಾರ್. ನಡುವೆ ಇರೋದು ಹೆಚ್ಚಾಗಿ ಸತ್ತ ಅಂಗಾಂಶ, ಆ ಗುಡ್ಡ ಒಡೆದ ಕೋಶಗಳ ಲಿಪಿಡ್, ಅಂದ್ರೆ ಕೊಬ್ಬು. ಬೆಳೀತಿರೋ ಗೆಡ್ಡೆ ಅಂಚಿನಲ್ಲಿದೆ. ಕೋಶದ ಪೊರೆ ಬೇಗ ಬೇಗ ಕಟ್ಟಿ ಒಡೆಯುವ ಕಡೆ ಕೋಲೀನ್ ಏರುತ್ತೆ. ಕಾಫಿ ಮೂಟೆಗೆ ನಾಲ್ಕು ಕಡೆ ಚುಚ್ಚಿ ಬೀಜ ನೋಡ್ತಾರಲ್ಲ, ಇಲ್ಲೂ ಹಾಗೇ, ಒಂದು ವಾಕ್ಸೆಲ್ ನಂಬಿ ರಿಪೋರ್ಟ್ ಬರೆಯಬಾರದು.

ಪೀಕುಗಳು ಅಂಟಿಕೊಳ್ಳೋಕೆ ಕಾರಣ ಶಿಮ್, ಅಂದ್ರೆ ವಾಕ್ಸೆಲ್ ಒಳಗೆ ಕಾಂತಕ್ಷೇತ್ರ ಒಂದೇ ಸಮ ಮಾಡೋದು ಸರಿಯಾಗಿಲ್ಲ. 1.5 ಟೆಸ್ಲಾದಲ್ಲಿ ಕೋಲೀನ್‌ಗೂ ಪಕ್ಕದ ಪೀಕು ಕ್ರಿಯಾಟಿನ್‌ಗೂ ಅಂತರ ಬರೀ 12 ಹರ್ಟ್ಜ್. ನೀರಿನ ಪೀಕಿನ ಅಗಲ ಅದರ ಹತ್ತಿರ ಹೋದರೆ ಎರಡೂ ಕೂಡಿಕೊಳ್ಳುತ್ತವೆ. ಆ ಅಗಲ 7–8 ಹರ್ಟ್ಜ್‌ನೊಳಗೆ ಬರೋ ತನಕ ಸ್ಕ್ಯಾನ್ ಒತ್ತಬೇಡಿ. ಟೆಂಪೊರಲ್ ಲೋಬಿನ ಪಕ್ಕದಲ್ಲೇ ಮೂಳೆ, ಮಾಸ್ಟಾಯ್ಡಿನ ಗಾಳಿ, ತಲೆಚರ್ಮದ ಕೊಬ್ಬು ಇವೆ. ವಾಕ್ಸೆಲ್ಲನ್ನು ಮೂಳೆಯಿಂದ ಒಳಕ್ಕೆ ಎಳೆದು, ಆರೂ ಬದಿಗೆ ಸ್ಯಾಚುರೇಶನ್ ಬ್ಯಾಂಡ್ (ಹೊರಗಿನ ಸಿಗ್ನಲ್ ಅಡಗಿಸೋ ಪಟ್ಟಿ) ಹಾಕಿ. ರಕ್ತಸ್ರಾವದ ಕಲೆ, ಸುಣ್ಣಗಟ್ಟಿದ ಜಾಗ ಒಳಗೆ ಬೀಳದಂತೆ ಗ್ರೇಡಿಯೆಂಟ್ ಎಕೋ ಚಿತ್ರದಲ್ಲಿ ಮೊದಲೇ ನೋಡಿ.

ಅಂಚು ತೆಳುವಿದೆ ಅಂತ ವಾಕ್ಸೆಲ್ 1.5 ಸೆಂ.ಮೀ.ಗೆ ಇಳಿಸೋ ಮುಂಚೆ ಲೆಕ್ಕ ಹಾಕಿ. 8 ಮಿ.ಲೀ. ಇದ್ದದ್ದು 3.4 ಆಗುತ್ತೆ. ಅದೇ ಗುಣಮಟ್ಟ ಬೇಕಂದ್ರೆ ಐದೂವರೆ ಪಟ್ಟು ಆವರೇಜ್ (ಅದೇ ಅಳತೆಯ ಪುನರಾವರ್ತನೆ) ಬೇಕು. ಟಿಆರ್ (ಒಂದು ಸುತ್ತಿನ ಸಮಯ) 1500 ಮಿಲಿಸೆಕೆಂಡ್, 128 ಆವರೇಜ್ ಅಂದ್ರೆ 3 ನಿಮಿಷ 12 ಸೆಕೆಂಡ್. ಅದು 18 ನಿಮಿಷ ಆಗುತ್ತೆ. ಅಷ್ಟು ಹೊತ್ತು ಯಾವ ರೋಗಿ ಅಲ್ಲಾಡದೆ ಇರ್ತಾರೆ? ಅದರ ಬದಲು ಟಿಇ 135ರಲ್ಲಿ ಮಲ್ಟಿವಾಕ್ಸೆಲ್, ಅಂದ್ರೆ ಹಲವು ವಾಕ್ಸೆಲ್‌ಗಳ ಗ್ರಿಡ್, ತೆಗೆಯಿರಿ. ನಡುಭಾಗ, ಅಂಚು, ಸುತ್ತಲ ಊತ, ಎದುರು ಬದಿಯ ಮಿದುಳು ಎಲ್ಲವೂ ಒಂದೇ ಸಲಕ್ಕೆ ಸಿಗುತ್ತವೆ.

ಸ್ಪೆಕ್ಟ್ರಾ_ಕನ್ನಡ:
ಲ್ಯಾಕ್ಟೇಟ್ ವಿಷಯ. ಟಿಇ 30ರಲ್ಲಿ ಲಿಪಿಡ್ಡೂ ಲ್ಯಾಕ್ಟೇಟೂ 1.3ರಲ್ಲೇ ಮೇಲ್ಮುಖವಾಗಿ ಒಂದರ ಮೇಲೊಂದು ಕೂರುತ್ತವೆ, ಬೇರೆ ಮಾಡೋಕೆ ಆಗಲ್ಲ. ಟಿಇ 135–144ಕ್ಕೆ ಲ್ಯಾಕ್ಟೇಟಿನ ಜೋಡಿ ಪೀಕು, 7 ಹರ್ಟ್ಜ್ ಅಂತರದಲ್ಲಿ, ತಲೆಕೆಳಗಾಗುತ್ತೆ. ಲಿಪಿಡ್ ತಲೆಕೆಳಗಾಗಲ್ಲ, ಟಿ2 (ಸಿಗ್ನಲ್ ಕುಂದೋ ಸಮಯ) ಕಡಿಮೆ ಇರೋದ್ರಿಂದ ಬಹುಪಾಲು ಕರಗಿಹೋಗುತ್ತೆ. ಅನುಮಾನ ಉಳಿದರೆ ಟಿಇ 270ರಲ್ಲಿ ಇನ್ನೊಂದು ತೆಗೆಯಿರಿ, ಅಲ್ಲಿ ಲ್ಯಾಕ್ಟೇಟ್ ಮತ್ತೆ ಮೇಲಕ್ಕೆ ಬರಬೇಕು.

ಲ್ಯಾಕ್ಟೇಟ್ ಕಂಡ ಮಾತ್ರಕ್ಕೆ ಗೆಡ್ಡೆಯ ಗ್ರೇಡ್ (ಎಷ್ಟು ಉಗ್ರ ಅನ್ನೋದು) ಹೇಳಬೇಡಿ. ಉಂಗುರದಂತೆ ಬೆಳಗೋದು ಕೀವುಗಡ್ಡೆಯೂ ಇರಬಹುದು, ಕ್ಷಯದ ಗಂಟೂ ಇರಬಹುದು. ಕ್ಷಯದಲ್ಲಿ ದೊಡ್ಡ ಲಿಪಿಡ್ ಸಾಮಾನ್ಯ. ಕೀವಿನಲ್ಲಿ 0.9ರ ಹತ್ತಿರ ಅಮೈನೋ ಆಮ್ಲದ ಪೀಕು ಬರುತ್ತೆ, ಅದೂ 135ರಲ್ಲಿ ಕೆಳಮುಖ. ಜೊತೆಗೆ ಡಿಫ್ಯೂಶನ್ (ನೀರಿನ ಕಣಗಳ ಚಲನೆ ತೋರಿಸೋ) ಚಿತ್ರದಲ್ಲಿ ನಡುಭಾಗವೇ ಬೆಳ್ಳಗೆ, ಆ ಚಲನೆಯ ಅಳತೆಯಾದ ಎಡಿಸಿ ಕಡಿಮೆ.

ಹೇಮಾವತಿ ದಡ:
ಡಿಫ್ಯೂಶನ್ ನೋಡಿದೆ, ನಡುಭಾಗದ ಎಡಿಸಿ ಹೆಚ್ಚಿದೆ, ಹಿಂದಿನ ಅಂಚಿನಲ್ಲಿ ಕಡಿಮೆ. ಕಾಂಟ್ರಾಸ್ಟ್ ಆದಮೇಲೆ ಸ್ಪೆಕ್ಟ್ರೋಸ್ಕೋಪಿ ಮಾಡಿದರೆ ತೊಂದರೆನಾ?

ಗಿರಿಶ್ರೇಣಿ:
ಕೋಲೀನ್ ಸ್ವಲ್ಪ ಕಡಿಮೆ ತೋರಿಸಬಹುದು, ಮೊದಲೇ ಮಾಡೋದು ಒಳ್ಳೇದು. ಅಂಚು ಎಲ್ಲಿದೆ ಅಂತ ಹಿಂದಿನ ಸ್ಕ್ಯಾನ್ ನೋಡಿ ಪ್ಲಾನ್ ಮಾಡಿ, ಎಡಿಸಿ ಕಡಿಮೆ ಇರೋ ಆ ಹಿಂದಿನ ಅಂಚು ಗ್ರಿಡ್ ಒಳಗೆ ಬರಲಿ. ಕೋಲೀನನ್ನು ಕ್ರಿಯಾಟಿನ್‌ಗೆ ಹೋಲಿಸಿ ಅನುಪಾತ ಬರೆಯೋದು ರೂಢಿ, ಆದರೆ ಕ್ರಿಯಾಟಿನ್ ಗೆಡ್ಡೆಯಲ್ಲಿ ತಾನೇ ಏರಿಳಿಯುತ್ತೆ, ಆದ್ದರಿಂದ ಕೋಲೀನನ್ನು ಎದುರು ಬದಿಯ ಕೋಲೀನಿಗೂ ಹೋಲಿಸಿ ಬರೆಯಿರಿ. ಡಾಕ್ಟರಿಗೆ ಅನುಪಾತದ ಜೊತೆ ಗ್ರಾಫನ್ನೂ ವಾಕ್ಸೆಲ್ ಇಟ್ಟ ಚಿತ್ರವನ್ನೂ ಕಳಿಸಿ. ಬಯಾಪ್ಸಿ ಸೂಜಿ ಎಲ್ಲಿಗೆ ಹೋಗಬೇಕು ಅನ್ನೋದು ಆ ಚಿತ್ರದ ಮೇಲೂ ನಿಂತಿರುತ್ತೆ.