ಸಕ್ಕರೆ ಕಾಯಿಲೆ ಇರುವವರ ಫ್ರೋಜನ್ ಶೋಲ್ಡರ್: ನೋವಿದ್ದರೂ ಎಳೆದು ವ್ಯಾಯಾಮ ಮಾಡಿಸಬೇಕೆ?

ಪ್ರಶ್ನೆ

ನಮ್ಮ ತಾಯಿಯವರಿಗೆ 56 ವರ್ಷ. ಬಹಳ ಕಾಲದಿಂದ ಸಕ್ಕರೆ ಕಾಯಿಲೆಯಿದ್ದು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಯುಗಾದಿಯ ಹೊತ್ತಿಗೆ ಎಡ ಹೆಗಲಿನಲ್ಲಿ ಶುರುವಾದ ನೋವು ಹೆಚ್ಚುತ್ತ ಹೋಗಿ, ಈಗ ಅವರಿಗೆ ತುರುಬು ಕಟ್ಟಿಕೊಳ್ಳುವುದೂ ಆಗುತ್ತಿಲ್ಲ, ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗಿಬಿಡುತ್ತದೆ. ಮೂಳೆ ವೈದ್ಯರು ಎಕ್ಸ್-ರೇ ನೋಡಿ, ಮೂಳೆಯಲ್ಲಿ ತೊಂದರೆಯಿಲ್ಲ, ಇದು ಫ್ರೋಜನ್ ಶೋಲ್ಡರ್ ಎಂದು ಹೇಳಿ ಫಿಸಿಯೋಥೆರಪಿಗೆ ಬರೆದುಕೊಟ್ಟರು. ಅಲ್ಲಿ ಯಂತ್ರದಿಂದ ಶಾಖ ಕೊಟ್ಟ ಮೇಲೆ ತೋಳನ್ನು ಬಲವಾಗಿ ಮೇಲೆತ್ತಿ ಎಳೆಯುತ್ತಾರೆ. ನೋವು ತಡೆದುಕೊಂಡರೆ ಮಾತ್ರ ಕೀಲು ಬಿಡುತ್ತದೆ ಎನ್ನುತ್ತಾರೆ. ಹೋಗಿ ಬಂದ ದಿನ ಅಮ್ಮನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಚಿಕಿತ್ಸೆಯನ್ನು ಮುಂದುವರಿಸಬೇಕೇ ಅಥವಾ ನಿಲ್ಲಿಸಬೇಕೇ? ಹೆಗಲಿಗೆ ಇಂಜೆಕ್ಷನ್ ಕೊಡಿಸಿದರೆ ಸಕ್ಕರೆ ಏರುತ್ತದೆಯೇ?

ಉತ್ತರ 1 (ಫಿಸಿಯೋಥೆರಪಿಸ್ಟ್)

ನಿಲ್ಲಿಸುವುದು ಬೇಡ, ಆದರೆ ಈಗಿನ ರೀತಿಯಲ್ಲಿ ಮುಂದುವರಿಸುವುದೂ ಬೇಡ. ಈ ಕಾಯಿಲೆಯಲ್ಲಿ ಹೆಗಲಿನ ಕೀಲನ್ನು ಸುತ್ತುವರಿದಿರುವ ಪೊರೆಯು ಮೊದಲು ಉರಿಯೂತಕ್ಕೆ ಒಳಗಾಗಿ, ಅನಂತರ ದಪ್ಪಗಾಗಿ ಕುಗ್ಗುತ್ತದೆ. ಮೊದಲ ಕೆಲವು ತಿಂಗಳು ನೋವೇ ಪ್ರಧಾನ. ಆಮೇಲೆ ನೋವು ತಗ್ಗಿ ಬಿಗಿತ ಉಳಿಯುತ್ತದೆ. ಕೊನೆಗೆ ಬಿಗಿತವೂ ನಿಧಾನವಾಗಿ ಸಡಿಲಗೊಳ್ಳುತ್ತದೆ. ಈ ಮೂರೂ ಹಂತಗಳು ಮುಗಿಯಲು ಸಾಮಾನ್ಯವಾಗಿ 1ರಿಂದ 3 ವರ್ಷ ಹಿಡಿಯುತ್ತವೆ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನಷ್ಟು ತಡವಾಗಬಹುದು.

ರಾತ್ರಿ ನೋವು, ಸುಮ್ಮನಿದ್ದಾಗಲೂ ನೋವು, ವ್ಯಾಯಾಮ ಮುಗಿದು ಗಂಟೆಗಟ್ಟಲೆ ಉಳಿಯುವ ನೋವು ಇವೆಲ್ಲವೂ ನಿಮ್ಮ ತಾಯಿಯವರು ಇನ್ನೂ ಮೊದಲ ಹಂತದಲ್ಲಿದ್ದಾರೆಂದು ಸೂಚಿಸುತ್ತವೆ. ಉರಿಯುತ್ತಿರುವ ಪೊರೆಯನ್ನು ಬಲವಂತವಾಗಿ ಎಳೆದರೆ ಉರಿಯೂತ ಕೆರಳುತ್ತದೆ, ಸುತ್ತಲಿನ ಸ್ನಾಯುಗಳು ರಕ್ಷಣೆಗಾಗಿ ಇನ್ನೂ ಬಿಗಿಯುತ್ತವೆ. ನೆದರ್ಲೆಂಡ್ಸಿನಲ್ಲಿ 77 ರೋಗಿಗಳನ್ನು ಎರಡು ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋವಿನ ಮಿತಿಯೊಳಗೇ ವ್ಯಾಯಾಮ ಮಾಡಿದವರ ಪೈಕಿ ಶೇ. 89ರಷ್ಟು ಮಂದಿ ಒಳ್ಳೆಯ ಸ್ಥಿತಿಗೆ ಮರಳಿದರೆ, ನೋವನ್ನು ಮೀರಿ ಎಳೆಸಿಕೊಂಡವರಲ್ಲಿ ಆ ಪ್ರಮಾಣ ಶೇ. 63 ಮಾತ್ರ ಇತ್ತು. ಅದು ಚಿಕ್ಕ ಅಧ್ಯಯನ, ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿರಲಿಲ್ಲ, ಆದ್ದರಿಂದ ಅದೊಂದನ್ನೇ ನಂಬಿ ಕೂರಬೇಕಿಲ್ಲ. ಆದರೂ ಅದು ಹೇಳುವುದು ನಾವು ದಿನವೂ ನೋಡುವುದಕ್ಕೆ ಹೊಂದುತ್ತದೆ.

ಈಗ ಮಾಡಬಹುದಾದದ್ದು ಇಷ್ಟು. ಒಳ್ಳೆಯ ಕೈಯನ್ನು ಮೇಜಿನ ಮೇಲೆ ಊರಿ ಮುಂದಕ್ಕೆ ಬಾಗಿ, ನೋಯುವ ತೋಳನ್ನು ಸಡಿಲವಾಗಿ ಇಳಿಬಿಟ್ಟು, ಮೈಯನ್ನು ಓಲಾಡಿಸುವುದರಿಂದಲೇ ಅದು ತೂಗುವಂತೆ ಮಾಡಬೇಕು. ತೋಳನ್ನು ತಾವಾಗಿ ಬೀಸಬಾರದು. ಆಮೇಲೆ ಅಂಗಾತ ಮಲಗಿ, ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ಎರಡೂ ಕೈಗಳಲ್ಲಿ ಒಂದು ಕೋಲು ಹಿಡಿದು, ಒಳ್ಳೆಯ ಕೈಯಿಂದ ನೋಯುವ ಕೈಯನ್ನು ಹೊರಕ್ಕೆ ತಳ್ಳಬೇಕು. ಈ ಹೊರತಿರುವೇ ಎಲ್ಲಕ್ಕಿಂತ ಹೆಚ್ಚು ಕಳೆದುಹೋಗುವ ಚಲನೆ, ಅದನ್ನು ಬಿಟ್ಟು ತೋಳನ್ನು ಮೇಲೆತ್ತುವುದಕ್ಕೇ ಗಂಟುಬೀಳುವುದು ನಮ್ಮ ಕಡೆಯ ದೊಡ್ಡ ದೌರ್ಬಲ್ಯ. ಹಿಗ್ಗುವಿಕೆ ಗೊತ್ತಾಗಬೇಕು, ಚುಚ್ಚು ನೋವು ಬರಬಾರದು. ಬಂದ ನೋವು ಸ್ವಲ್ಪ ಹೊತ್ತಿನಲ್ಲೇ ಇಳಿಯದೆ ರಾತ್ರಿಯವರೆಗೂ ಉಳಿದರೆ ಅಂದು ಹೆಚ್ಚಾಯಿತೆಂದು ತಿಳಿಯಿರಿ. ಶಾಖದಿಂದ ಸ್ನಾಯು ಸಡಿಲಾಗಿ ವ್ಯಾಯಾಮ ಸುಲಭವಾಗುತ್ತದೆ, ಆದರೆ ಯಂತ್ರವೊಂದೇ ಚಲನೆಯನ್ನು ಮರಳಿಸದು.

ಉತ್ತರ 2

ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ. ನನಗೂ ಇದೇ ಆಗಿತ್ತು, ಗೋಡೆಯ ಮೇಲೆ ಬೆರಳುಗಳಿಂದ ಹತ್ತುವ ವ್ಯಾಯಾಮವನ್ನೂ ರಾಟೆಯ ಹಗ್ಗದ ವ್ಯಾಯಾಮವನ್ನೂ ಹಲ್ಲು ಕಚ್ಚಿಕೊಂಡು ಮಾಡಿದ್ದರಿಂದಲೇ ಕೈ ಮೇಲೆದ್ದಿತು. ಮೃದುವಾಗಿ ಮಾಡುತ್ತ ಕುಳಿತಿದ್ದರೆ ಇಂದಿಗೂ ಅಂಗಿ ತೊಡಲು ಇನ್ನೊಬ್ಬರು ಬೇಕಾಗುತ್ತಿತ್ತು ಎಂದೇ ನನ್ನ ನಂಬಿಕೆ.

ಉತ್ತರ 3 (ಮೊದಲು ಉತ್ತರಿಸಿದ ಫಿಸಿಯೋಥೆರಪಿಸ್ಟ್)

ಆಗ ನಿಮಗೆ ರಾತ್ರಿ ನೋವು ಇತ್ತೇ, ಅಥವಾ ಬಿಗಿತ ಮಾತ್ರ ಉಳಿದಿತ್ತೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನೋವು ತಗ್ಗಿ ಬಿಗಿತ ಉಳಿದ ಹಂತದಲ್ಲಿ ನಾವೂ ಬಲ ಹೆಚ್ಚಿಸುತ್ತೇವೆ; ಕೀಲನ್ನು ಅದರ ಚಲನೆಯ ತುದಿಗೆ ಒಯ್ದು ಹಿಡಿದು, ತೋಳಿನ ಮೂಳೆಯ ತಲೆಯನ್ನು ಕೈಯಿಂದ ಜಾರಿಸುತ್ತೇವೆ. ಇದರಲ್ಲೊಂದು ಸ್ವಾರಸ್ಯವಿದೆ. ಹೊರತಿರುವು ಬರಬೇಕಾದರೆ ಆ ತಲೆಯನ್ನು ಮುಂದಕ್ಕೆ ಜಾರಿಸಬೇಕೆಂಬುದು ನಾವು ಕಾಲೇಜಿನಲ್ಲಿ ಕಲಿತ ಸೂತ್ರ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಿಂದಕ್ಕೆ ಜಾರಿಸಿದಾಗಲೇ ಹೊರತಿರುವು ಬಹಳ ಹೆಚ್ಚು ಸುಧಾರಿಸಿತು. ಈಗ ಬಹುಮಂದಿ ಹಾಗೆಯೇ ಮಾಡುತ್ತಾರೆ.

ಉತ್ತರ 4 (ವೈದ್ಯ)

ಇಂಜೆಕ್ಷನ್ ಬಗ್ಗೆ: ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಈ ನೋವಿನ ಹಂತದಲ್ಲೇ ಹೆಚ್ಚು ಉಪಯುಕ್ತ, ಏಕೆಂದರೆ ನೋವು ತಗ್ಗಿದರೆ ವ್ಯಾಯಾಮ ಸಾಧ್ಯವಾಗುತ್ತದೆ. ಸಕ್ಕರೆ ಏರುವುದು ನಿಜ, ಆದರೆ ಸಾಮಾನ್ಯವಾಗಿ ಕೆಲವು ದಿನಗಳ ಮಟ್ಟಿಗೆ. ಸಕ್ಕರೆ ಹತೋಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಂಡು, ಆ ದಿನಗಳಲ್ಲಿ ಮನೆಯಲ್ಲೇ ಗ್ಲುಕೋಮೀಟರಿನಿಂದ ಪರೀಕ್ಷಿಸುತ್ತ, ಮಾತ್ರೆಯ ಪ್ರಮಾಣದ ಬಗ್ಗೆ ನಿಮ್ಮ ವೈದ್ಯರನ್ನು ಮುಂಚಿತವಾಗಿ ಕೇಳಿರಿ. ಥೈರಾಯ್ಡ್ ಪರೀಕ್ಷೆ ಆಗಿರದಿದ್ದರೆ ಅದನ್ನೂ ಮಾಡಿಸಿ, ಆ ತೊಂದರೆ ಇರುವವರಲ್ಲೂ ಈ ಕಾಯಿಲೆ ಹೆಚ್ಚು. ಶಸ್ತ್ರಚಿಕಿತ್ಸೆಗೆ ಅವಸರಪಡಬೇಡಿ: ಬ್ರಿಟನ್ನಿನಲ್ಲಿ 503 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಜೆಕ್ಷನ್ ಸಹಿತ ಫಿಸಿಯೋಥೆರಪಿ, ಅರಿವಳಿಕೆ ಕೊಟ್ಟು ಕೀಲು ಬಿಡಿಸುವುದು, ಶಸ್ತ್ರಚಿಕಿತ್ಸೆಯಿಂದ ಪೊರೆ ಬಿಡಿಸುವುದು, ಈ ಮೂರರ ನಡುವೆ ಒಂದು ವರ್ಷದ ಕೊನೆಗೆ ರೋಗಿಗೆ ಗಣ್ಯವೆನಿಸುವಷ್ಟು ವ್ಯತ್ಯಾಸ ಕಾಣಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಬೆನ್ನ ಹಿಂದೆ ಟವೆಲ್ ಹಿಡಿದು ಮೇಲಕ್ಕೆ ಎಳೆಯುವ ವ್ಯಾಯಾಮವನ್ನೂ ಅವರಿಗೆ ಹೇಳಿಕೊಟ್ಟಿದ್ದಾರೆ. ಅದನ್ನು ಮಾಡಿಸಬಹುದೇ?

ಉತ್ತರ 5 (ಅದೇ ಫಿಸಿಯೋಥೆರಪಿಸ್ಟ್)

ಸದ್ಯಕ್ಕೆ ಬೇಡ. ಕೈ ಬೆನ್ನ ಹಿಂದೆ ಹೋಗುವ ಚಲನೆ ಹಲವರಲ್ಲಿ ತಡವಾಗಿ ಮರಳುತ್ತದೆ. ರಾತ್ರಿ ನಿದ್ದೆ ಸರಿಹೋದ ಮೇಲೆ ಆರಂಭಿಸೋಣ. ಅಲ್ಲಿಯವರೆಗೆ ಮುಂದೆ ಹುಕ್ಕು ಇರುವ ರವಿಕೆ ಹಾಕಿಕೊಳ್ಳಲಿ, ತೋಳು ತೂರಿಸುವಾಗ ನೋಯುವ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಮಲಗುವಾಗ ಆ ತೋಳಿನ ಕೆಳಗೆ ಮಡಿಸಿದ ದಿಂಬು ಇಟ್ಟು, ಮೊಣಕೈ ಹಾಸಿಗೆಯತ್ತ ಜೋತುಬೀಳದಂತೆ ನೋಡಿಕೊಳ್ಳಿ. ಒಂದು ವೇಳೆ ನೀವು ಅವರ ತೋಳನ್ನು ಎತ್ತಿದಾಗ ಅದು ಸಲೀಸಾಗಿ ಮೇಲೇರಿ, ಅವರಾಗಿ ಎತ್ತಲು ಮಾತ್ರ ಆಗುತ್ತಿಲ್ಲವೆಂದು ಕಂಡರೆ, ಅದು ಸ್ನಾಯುರಜ್ಜು ಹರಿದಿರುವ ಲಕ್ಷಣವಾಗಿರಬಹುದು. ಆಗ ವ್ಯಾಯಾಮ ನಿಲ್ಲಿಸಿ ಮೂಳೆ ವೈದ್ಯರಲ್ಲಿ ಮತ್ತೊಮ್ಮೆ ತೋರಿಸಿ.